ಹುಡುಗನ ಪಕ್ಕ ಕುಳಿತವನು

"ಓ ಭಾಯ್‌ಸಾಬ್... ಜರಾ ಉಠೋಗೆ ಕ್ಯಾ?"

ಜ್ಯೋತ್ಸ್ನಾಳ ದನಿ ಇಡೀ ಡಬ್ಬಿಗೆ ಕೇಳಿಸಿತು. ಕಿಟಕಿಯ ಪಕ್ಕ ಕುಳಿತಿದ್ದ ಯುವಕ ತಲೆ ಎತ್ತಿ ನೋಡಿದ. ನೋಡಿದ ಅಷ್ಟೇ... ಏಳಲಿಲ್ಲ.

2009ರ ಜುಲೈ ತಿಂಗಳು. ಬೆಳಗಿನಿಂದ ಮಳೆ ಹಿಡಿದುಕೊಂಡಿತ್ತು. ಲೋಕಲ್‌ಗಳೆಲ್ಲ ತಡವಾಗಿ ಓಡುತ್ತಿದ್ದವು. ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿಯ ಬಾಗಿಲಿಗೆ ಕೈ ತಾಗಿಸಲೂ ಆಗದೆ, ಜ್ಯೋತ್ಸ್ನಾ ಮತ್ತು ಅವಳ ಗೆಳತಿ ಅಶ್ಮಿತಾ ಎದುರಿಗೆ ಬಂದ ಜನರಲ್ ಡಬ್ಬಿಗೇ ಹತ್ತಿದ್ದರು. ಇಬ್ಬರೂ ಥಾಣೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರು. ಅಶ್ಮಿತಾ ತುಂಬಿದ ಬಸುರಿ. ಕಂಬಿ ಹಿಡಿದು ನಿಂತವಳ ಮುಖ ಬೆವರಿತ್ತು.

ಇವನೋ... ಟ್ರ್ಯಾಕ್ ಪ್ಯಾಂಟು, ಟೀ ಶರ್ಟು, ಗಟ್ಟಿಮುಟ್ಟಾದ ಮೈ. ಮೊದಲೇ ಸೀಟು ಹಿಡಿದು ಬಂದವನು, ಒಂದು ಕಾಲನ್ನು ಎದುರಿನ ಸೀಟಿನ ಕೆಳಗೆ ನೀಡಿಕೊಂಡು ಆರಾಮಾಗಿ ಕುಳಿತಿದ್ದ!

'ಎಂಥ ಜನ ಇದು! ಬಸುರಿ ಹೆಂಗಸು ಕಣ್ಣೆದುರಿಗೇ ನಿಂತಿದ್ದರೂ...'

"ಬಿಡು ಮಾರಾಯ್ತಿ. ಥಾಣೆಗೆ ಇನ್ನೆಷ್ಟು ಹೊತ್ತು?" ಎಂದಳು ಅಶ್ಮಿತಾ.

"ಯಾಕೆ ಬಿಡ್ಬೇಕು? ನೋಡು ಅವನನ್ನು, ಕೋಣದ ಹಾಗೆ ಕುಳಿತಿದ್ದಾನೆ."

ಇಷ್ಟನ್ನು ಜ್ಯೋತ್ಸ್ನಾ ತುಳುವಿನಲ್ಲಿ ಹೇಳಿದಳು. ಮುಂಬೈ ಲೋಕಲಿನಲ್ಲಿ ತುಳು ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ ಅವಳಿಗೆ. ಈ ಧೈರ್ಯ ಮಾಡಿ ಕೆಟ್ಟವರು ಡೊಂಬಿವಲಿಯಲ್ಲಿ ಬಹಳ ಜನ ಇದ್ದಾರೆ.

ಅವನು ಎದ್ದ. ಎರಡೂ ಕೈಯಿಂದ ಸೀಟು ಹಿಡಿದು, ಹಲ್ಲು ಕಚ್ಚಿಕೊಂಡು, ನಿಧಾನಕ್ಕೆ ಎದ್ದ. ಎದ್ದ ಕೂಡಲೇ ಅವನ ಪ್ಯಾಂಟಿನ ಕಾಲಿನಿಂದ ನೀರು ಸುರಿಯತೊಡಗಿತು. ಹಿಂದೆ ನಿಂತವರು ಯಾರೋ ಕಿಸಕ್ಕನೆ ನಕ್ಕರು. ಮರುಕ್ಷಣ ಒಂದು ಪ್ಲಾಸ್ಟಿಕ್ ಚೀಲ ಜಾರಿ ಕೆಳಗೆ ಬಿತ್ತು. ಐಸ್ ತುಂಡುಗಳು ಉರುಳಿ ಜನರ ಚಪ್ಪಲಿಗಳ ನಡುವೆ ಹರಡಿದವು.

ಊದಿಕೊಂಡ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಕುಳಿತಿದ್ದ ಅವನು!

"ಕುಲ್ಲುಲೆ ಅಕ್ಕ," ಎಂದ ಅಶ್ಮಿತಾಳಿಗೆ. ಕುಳಿತುಕೊಳ್ಳಿ ಅಕ್ಕ... ಅಪ್ಪಟ ತುಳುವಿನಲ್ಲಿ.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಜ್ಯೋತ್ಸ್ನಾಗೆ. ಥಾಣೆಯಲ್ಲಿ ಇಳಿದು ಅವನು ಕುಂಟುತ್ತಾ ಜನರೊಳಗೆ ಸೇರಿಹೋದ. ಅವಳು "ಸಾರಿ" ಎನ್ನುವಷ್ಟರಲ್ಲಿ ಅವನ ಬೆನ್ನೂ ಕಾಣಲಿಲ್ಲ.

*

ಜ್ಯೋತ್ಸ್ನಾ ಒಬ್ಬರ ಮನಸ್ಸು ನೋಯಿಸಿದರೆ ಊಟ ರುಚಿಸದ ಹೆಣ್ಣು. ಬಾಯಿ ಮಾತ್ರ ಸ್ವಲ್ಪ ಮುಂದೆ. ಆ ವಾರವೆಲ್ಲ ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಇಳಿದು ಬರುವವರ ಮುಖ ನೋಡಿದಳು. ಅಂಗಡಿಗೆ ತಡವಾಗಿ ಹೋಗಿ ಸೇಠನ ಹತ್ತಿರ ಬೈಸಿಕೊಂಡಳು.

ಕೊನೆಗೂ ಸಿಕ್ಕಿದ. ವಾಶಿಯ ಟ್ರೇನು ಹಿಡಿಯಲು ಕಡೆಯ ಪ್ಲಾಟ್‌ಫಾರ್ಮಿಗೆ ಹೋಗುತ್ತಿದ್ದ.

"ಒಂದ್ನಿಮಿಷ ನಿಲ್ಲಿ! ಅವತ್ತು ಟ್ರೇನಿನಲ್ಲಿ ನಾನು..."

"ಗೊತ್ತಾಯ್ತು. ಕೋಣ ಅಂದವರು."

"ಸಾರಿ ಹೇಳ್ಲಿಕ್ಕೆ ಬಂದದ್ದು. ಕಾಲು ನೋವುಂಟು ಅಂತ ಒಂದು ಮಾತು ಹೇಳಿದ್ರೆ ನಾನು ಹಾಗೆ ಹೇಳ್ತಿದ್ನಾ?"

"ಹೇಳ್ಲಿಕ್ಕೆ ನೀವೆಲ್ಲಿ ಬಿಟ್ರಿ?"

ಅವಳಿಗೆ ನಗು ಬಂತು. ಅವನೂ ನಕ್ಕ.

"ಕಾಲಿಗೆ ಎಂತ ಆದದ್ದು?"

"ಫುಟ್‌ಬಾಲ್. ಕೆಸರಲ್ಲಿ ಒಬ್ಬ ಬಂದು ಮೇಲೆ ಬಿದ್ದ."

"ಈ ವಯಸ್ಸಲ್ಲೂ ಚೆಂಡಾಟವಾ?"

"ಅದೇ ನನ್ನ ಕೆಲಸ," ಎಂದ ಅವನು.

ಹೆಸರು ಕೀರ್ತನ್. ಮನೆ ಠಾಕುರ್ಲಿಯಲ್ಲಿ, ಅಮ್ಮನೂ ಅವನೂ ಇಬ್ಬರೇ. ಅಲ್ಲಿನ ರೈಲ್ವೆ ಮೈದಾನದಲ್ಲಿ ಬರಿಗಾಲಲ್ಲಿ ಆಡಲು ಶುರುಮಾಡಿದವನು ಜಿಲ್ಲಾ ತಂಡಕ್ಕೆ ಬಂದ, ಆಮೇಲೆ ಕಲ್ಯಾಣದ ಒಂದು ಕ್ಲಬ್ಬಿಗೆ. ಅಲ್ಲಿ ಕೊಡುತ್ತಿದ್ದುದು ಬೂಟು ಮತ್ತು ಬಸ್ಸಿನ ಖರ್ಚು ಮಾತ್ರ. ಈಗ ನವಿ ಮುಂಬೈಯ ಒಂದು ಕಂಪನಿಯ ತಂಡದಲ್ಲಿ ಮಿಡ್‌ಫೀಲ್ಡರ್. ಮಧ್ಯಾಹ್ನದವರೆಗೆ ಕಂಪನಿಯ ಸ್ಟೋರಿನಲ್ಲಿ ಮೇಜಿನ ಕೆಲಸ, ಊಟವಾದ ಮೇಲೆ ನೆರೂಲಿನ ಮೈದಾನದಲ್ಲಿ ಪ್ರ್ಯಾಕ್ಟೀಸು, ಮಳೆಗಾಲ ಬಂತೆಂದರೆ ಮುಂಬೈ ಲೀಗಿನ ಮ್ಯಾಚುಗಳು. ಪಗಾರ ಉಂಟು, ಆದರೆ ಕೆಲಸ ಖಾಯಂ ಅಲ್ಲ. ವರ್ಷಕ್ಕೊಮ್ಮೆ ಕಾಂಟ್ರ್ಯಾಕ್ಟ್ ಹೊಸದಾಗಬೇಕು.

ಇದನ್ನೆಲ್ಲ ಜ್ಯೋತ್ಸ್ನಾ ಒಂದೇ ದಿನ ಕೇಳಿ ತಿಳಿದುಕೊಂಡಳು ಎಂದುಕೊಳ್ಳಬೇಡಿ. ಕೀರ್ತನ್ ಮಾತಿನಲ್ಲಿ ಮಹಾ ಜಿಪುಣ. ಡೊಂಬಿವಲಿಯಿಂದ ಥಾಣೆಯವರೆಗೆ ಬಾಗಿಲಲ್ಲಿ ನಿಂತು ಎಷ್ಟೋ ಬೆಳಗುಗಳು ಕಳೆದ ಮೇಲೆ ಇಷ್ಟು ಹೊರಬಂತು. ಹೌದು, ಅಷ್ಟರಲ್ಲಿ ಅವಳು ಲೇಡೀಸ್ ಡಬ್ಬಿಯನ್ನು ಬಿಟ್ಟೇಬಿಟ್ಟಿದ್ದಳು!

*

ಅವನ ಆಟ ನೋಡಲು ಮೊದಲ ಸಲ ನೆರೂಲಿಗೆ ಹೋದಾಗ ಅವಳಿಗೆ ಬಹಳ ಬೇಜಾರಾಯಿತು.

ಅವನ ತಂಡ ಗೆದ್ದಿತು. ಗೋಲುಗಳನ್ನು ಹೊಡೆದವನು ಬೇರೆ ಯಾರೋ. ಎಲ್ಲರೂ ಓಡಿಹೋಗಿ ಆ ಹುಡುಗನನ್ನೇ ಎತ್ತಿಕೊಂಡು ಕುಣಿದರು. ಕೀರ್ತನ್ ದೂರದಲ್ಲಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

"ನೀವು ಯಾಕೆ ಗೋಲ್ ಹೊಡೆಯುವುದಿಲ್ಲ?" ಸ್ಟೇಷನ್ನಿನ ಹೊರಗೆ ಚಹಾ ಕುಡಿಯುವಾಗ ಕೇಳಿದಳು.

"ಹೊಡೆಯುವವರಿಗೆ ಚೆಂಡು ಯಾರಾದರೂ ಕೊಡ್ಬೇಕಲ್ಲ."

"ಒಂದಾದರೂ ನೀವೇ ಇಟ್ಟುಕೊಳ್ಬೇಕು ಅಂತ ಅನ್ನಿಸುವುದಿಲ್ವಾ?"

ಅವನು ಚಹಾದ ಲೋಟ ಕೆಳಗಿಟ್ಟ. "ನನಗಿಂತ ಒಳ್ಳೆಯ ಜಾಗದಲ್ಲಿ ಒಬ್ಬ ನಿಂತಿದ್ದರೆ ಅವನಿಗೆ ಕೊಡಬೇಕು. ಅದು ಆಟ."

ಅವಳಿಗೆ ಆಗ ಅದು ದೊಡ್ಡ ಗುಣವಾಗಿ ಕಂಡಿತು. ಇದೇ ಗುಣ ಮುಂದೆ ತನ್ನನ್ನು ಎಷ್ಟು ಅಳಿಸಲಿದೆ ಎಂದು ಪಾಪ, ಅವಳಿಗೇನು ಗೊತ್ತು!

ಮುಂದಿನ ಸಲಗಳಲ್ಲಿ ಅವಳು ಚೆಂಡನ್ನು ಬಿಟ್ಟು ಅವನನ್ನೇ ನೋಡಿದಳು. ಆಟ ಆಗ ಬೇರೆಯೇ ಆಗಿ ಕಂಡಿತು. ಚೆಂಡು ಬರುವ ಮೊದಲೇ ಅವನು ಅಲ್ಲಿರುತ್ತಿದ್ದ. ಬಂದ ಚೆಂಡು ಅವನ ಕಾಲಲ್ಲಿ ಅರೆಗಳಿಗೆಯೂ ನಿಲ್ಲುತ್ತಿರಲಿಲ್ಲ. ಯಾರು ಎಲ್ಲಿಗೆ ಓಡುತ್ತಾರೆಂದು ಅವರಿಗಿಂತ ಮೊದಲೇ ಅವನಿಗೆ ತಿಳಿದಿರುತ್ತಿತ್ತು.

ತನಗೆ ಬೇಕಾದ್ದನ್ನು ಮಾತ್ರ ಬಾಯಿಬಿಟ್ಟು ಕೇಳಲು ಅವನಿಗೆ ಬರುತ್ತಿರಲಿಲ್ಲ. ಪ್ರೀತಿಯ ಮಾತನ್ನೂ ಅವಳೇ ಎತ್ತಬೇಕಾಯಿತು.

"ನಿಮಗೆ ನಾನು ಇಷ್ಟವಾ?"

"ಹೂಂ."

"ಹೂಂ ಅಂದ್ರೆ ಎಂತ? ಬಾಯಿ ಬಿಟ್ಟು ಹೇಳಿ!"

"...ತುಂಬ ಇಷ್ಟ." ಹೇಳಿ ಮುಗಿಸುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು. "ಕೆಲಸ ಪರ್ಮನೆಂಟ್ ಆಗ್ಲಿ. ಆದ ಕೂಡಲೇ ನಿಮ್ಮ ಪಪ್ಪನ ಹತ್ತಿರ ಬರ್ತೇನೆ. ಅದಕ್ಕಿಂತ ಮೊದಲು ಬಂದ್ರೆ ಅವರು ಯಾವ ಧೈರ್ಯದಲ್ಲಿ ಮಗಳನ್ನು ಕೊಡ್ತಾರೆ?"

ಅವನು ಹೇಳಿದ್ದು ಸುಳ್ಳೇನಲ್ಲ. ಜ್ಯೋತ್ಸ್ನಾಳ ಅಪ್ಪ ಪ್ರೇಮನಾಥ ಜೀವಮಾನವಿಡೀ ಬೇರೆಯವರ ಹೋಟೆಲುಗಳಲ್ಲಿ ಮ್ಯಾನೇಜರಾಗಿ ದುಡಿದವರು. ಇವತ್ತು ಇದ್ದ ಹೋಟೆಲು ನಾಳೆ ಮುಚ್ಚಿದ್ದನ್ನು ಬೇಕಾದಷ್ಟು ಸಲ ಕಂಡವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿದವರು. ಅಳಿಯನ ವಿಷಯದಲ್ಲಿ ಅವರ ಶರತ್ತು ಒಂದೇ, ಖಾಯಂ ಕೆಲಸ.

ಜ್ಯೋತ್ಸ್ನಾ ಕಾದಳು. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು. ಅಶ್ಮಿತಾಳ ಮಗು ನಡೆಯಲು ಕಲಿಯಿತು. ಈ ಕಡೆ ಅಶ್ಮಿತಾಳನ್ನು ಬಿಟ್ಟರೆ ಯಾರಿಗೂ ಸುದ್ದಿ ಗೊತ್ತಿರಲಿಲ್ಲ. ಆ ಕಡೆ ಕೀರ್ತನ್ ತಂಡದ ಹುಡುಗರಿಗೂ ತುಟಿ ಬಿಚ್ಚಿರಲಿಲ್ಲ.

*

ಜ್ಯೋತ್ಸ್ನಾಗೆ ಗೊತ್ತಾಗದ ಒಂದು ಸಂಗತಿಯನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ.

2012ರ ಮೇ ತಿಂಗಳು. ಪ್ರ್ಯಾಕ್ಟೀಸು ಮುಗಿದ ಮೇಲೆ ಕೋಚ್ ಅಂಬಾರಾಯರು ಕೀರ್ತನ್‌ನನ್ನು ಮೈದಾನದ ಮೂಲೆಗೆ ಕರೆದರು. ಕಲಬುರಗಿ ಕಡೆಯಿಂದ ಅದೇ ಕಂಪನಿಗೆ ಫಿಟ್ಟರಾಗಿ ಬಂದು ತಂಡ ಕಟ್ಟಿದ ಮನುಷ್ಯ.

"ತಮ್ಮಾ, ಕಂಪನಿಯವರು ಟೀಮ್ ಮುಚ್ಚಾಕತ್ತಾರ."

ಕೀರ್ತನ್ ಕೈಯಲ್ಲಿದ್ದ ಬೂಟುಗಳನ್ನು ಕೆಳಗಿಟ್ಟ.

"ಇಬ್ಬರನ್ನ ಖಾಯಂ ಇಟ್ಕೋತಾರಂತ. ನಿನ್ನ ಹೆಸರು ನಾ ಎರಡು ಸರ್ತಿ ಹೇಳ್ದೆ. ಆದ್ರ ಅವರು ಗೋಲ್ ಎಣಿಸ್ತಾರ. ನೀ ಕೊಟ್ಟ ಪಾಸ್ ಯಾರು ಎಣಿಸ್ಯಾರಪಾ? ಮ್ಯಾಲ ನಿನ್ನ ಮೊಣಕಾಲು ಬ್ಯಾರೆ..."

"ಯಾರ್ಯಾರು ಸರ್?"

"ಗೋಲ್ ಕೀಪರ್ ಒಬ್ಬ. ಇನ್ನೊಬ್ಬ ಹಿತೇಶ."

ಹಿತೇಶ್! ಅದೇ ಗೋಲು ಹೊಡೆಯುವ ಹುಡುಗ. ಕೋಪರಖೈರಣೆಯವನು, ಉಡುಪಿ ಕಡೆಯವನೇ, ಕೀರ್ತನ್‌ಗೆ ಜೀವದ ಗೆಳೆಯ. ಕೀರ್ತನ್ ಅವತ್ತು ಅವನನ್ನು ಅಪ್ಪಿಕೊಂಡು ಅಭಿನಂದಿಸಿದ. ಹೊಟ್ಟೆಕಿಚ್ಚು ಎನ್ನುವುದು ಅವನಿಗೆ ನಿಜವಾಗಿ ಇರಲಿಲ್ಲ. ಇದ್ದದ್ದು ಭಯ. ಇಪ್ಪತ್ತೆಂಟರ ಮಿಡ್‌ಫೀಲ್ಡರನನ್ನು, ಅದೂ ಮೊಣಕಾಲು ಊದುವವನನ್ನು, ಇನ್ನು ಯಾವ ಕಂಪನಿ ಕರೆಯುತ್ತದೆ?

'ಇನ್ನೂ ಎಷ್ಟು ವರ್ಷ ಅವಳನ್ನು ಕಾಯಿಸಲಿ? ಬೇರೆ ಕಡೆ ಒಳ್ಳೆಯ ಮನೆ ಸಿಕ್ಕಿದರೆ ಅವಳಾದರೂ ಸುಖವಾಗಿರುತ್ತಾಳೆ...'

ಆ ಶನಿವಾರ ಸಂಜೆ ಥಾಣೆಯ ತಲಾವ್ ಪಾಳಿಯಲ್ಲಿ, ಕೆರೆಯ ಕಟ್ಟೆಯ ಮೇಲೆ ಕುಳಿತು, ಅವಳ ಮುಖ ನೋಡದೆ ಹೇಳಿದ.

"ಜ್ಯೋತ್ಸ್ನಾ, ಇನ್ನು ನನಗಾಗಿ ಕಾಯಬೇಡಿ."

"ಎಂತ?"

"ನನ್ನನ್ನು ಬಿಟ್ಟುಬಿಡಿ. ಕಾರಣ ಕೇಳಬೇಡಿ."

"ಕೇಳದೆ ಹೇಗೆ ಇರ್ಲಿ? ನಾನು ಎಂತ ತಪ್ಪು ಮಾಡಿದೆ?"

"ನಿಮ್ಮದೇನೂ ತಪ್ಪಿಲ್ಲ."

ಕೇಳಿದಳು, ಜಗಳವಾಡಿದಳು, ಜನ ನೋಡುತ್ತಿದ್ದಾರೆ ಎಂಬ ಪರಿವೆಯಿಲ್ಲದೆ ಅತ್ತಳು. ಅವನು ಬಾಯಿ ಬಿಡಲಿಲ್ಲ. ಮರುದಿನದಿಂದ ಅವನ ಟ್ರೇನು ಬದಲಾಯಿತು, ಫೋನು ಎತ್ತುವುದೂ ನಿಂತಿತು.

ಅಂಗಡಿಯಲ್ಲಿ ಜ್ಯೋತ್ಸ್ನಾ ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ಕೊಟ್ಟು ಕಳಿಸಿದಳು. ಅಶ್ಮಿತಾ ಓಡಿಹೋಗಿ ವಾಪಸ್ ತಂದಳು.

*

ತುಳುವರ ಆಷಾಢ, ಆಟಿ ತಿಂಗಳು ಕಳೆದದ್ದೇ ತಡ, ಕೋಪರಖೈರಣೆಯಿಂದ ದಮಯಂತಿ ಅತ್ತೆಯ ಫೋನು ಬಂತು. ಪ್ರೇಮನಾಥರ ತಂಗಿ. ಆಟಿಯಲ್ಲಿ ಮದುವೆ ಮಾತು ಆಡಬಾರದೆಂದು ಕಷ್ಟಪಟ್ಟು ಬಾಯಿ ಕಟ್ಟಿಕೊಂಡಿದ್ದವರು.

ಪ್ರೇಮನಾಥರು ಫೋನು ಸ್ಪೀಕರಿನಲ್ಲಿ ಇಟ್ಟರು. ಜ್ಯೋತ್ಸ್ನಾ ತರಕಾರಿ ಹೆಚ್ಚುತ್ತಿದ್ದಳು.

"ಅಣ್ಣ, ಒಳ್ಳೆಯ ಸಂಬಂಧ ಉಂಟು. ನಮ್ಮವರೇ. ಹುಡುಗ ಇಲ್ಲಿಯೇ ಕಂಪನಿಯಲ್ಲಿ. ಫುಟ್‌ಬಾಲ್ ಆಡ್ತಿದ್ದವ. ಈಗ ಪರ್ಮನೆಂಟ್ ಆಯ್ತಂತೆ, ಅದಕ್ಕೇ ಮದುವೆ ಮಾತು ತೆಗೆದಿದ್ದಾರೆ..."

ಜ್ಯೋತ್ಸ್ನಾಳ ಕೈ ನಿಂತಿತು.

ಫುಟ್‌ಬಾಲ್... ಕಂಪನಿ... ಪರ್ಮನೆಂಟ್!

ಮುಂದಿನ ಮಾತು ಕೇಳಲು ಅವಳು ಅಲ್ಲಿರಲಿಲ್ಲ. ಒಳಗೆ ಓಡಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

'ಹಾಗಾದರೆ ಇದಕ್ಕೇ! ಕಾಯಬೇಡಿ ಅಂದದ್ದು ಇದಕ್ಕೇ! ಕದ್ದು ಮುಚ್ಚಿ ತಿರುಗುವುದು ಬೇಡ, ಹಿರಿಯರ ಮೂಲಕ ಮರ್ಯಾದೆಯಿಂದ ಬರಬೇಕು ಅಂತ... ಕಳ್ಳ! ಎಷ್ಟು ಅಳಿಸಿದ!'

ನೀವು ನಗಬಹುದು. ಆದರೆ ಪ್ರೀತಿಸಿದವರ ಲೆಕ್ಕಾಚಾರ ಹೀಗೆಯೇ ಇರುತ್ತದೆ. ತನಗೆ ಬೇಕಾದ ಉತ್ತರವನ್ನು ಮೊದಲು ಇಟ್ಟುಕೊಂಡು ಅದಕ್ಕೆ ಸರಿಯಾಗಿ ಉಳಿದದ್ದನ್ನೆಲ್ಲ ಕೂಡಿಸಿಕೊಳ್ಳುತ್ತಾರೆ.

"ಫೋಟೋ ಕಳಿಸಿದ್ದಾಳೆ ಅತ್ತೆ. ನೋಡುವುದಿಲ್ವಾ?" ಎಂದು ಕೇಳಿದರು ಪ್ರೇಮನಾಥರು.

"ಬೇಡ ಪಪ್ಪ. ನೀವು ನೋಡಿದ್ರಲ್ಲ, ಸಾಕು." ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಹೆಸರಾದರೂ ಕಿವಿಗೆ ಬೀಳಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಮನೆಗಳ ಪದ್ಧತಿ ನಿಮಗೆ ಗೊತ್ತಲ್ಲ. ಹೆಣ್ಣು ನೋಡುವ ಶಾಸ್ತ್ರ ಮುಗಿಯುವವರೆಗೆ ಗಂಡಿಗೆ ಹೆಸರೇ ಇರುವುದಿಲ್ಲ. ಹುಡುಗ ಬರ್ತಾನೆ, ಹುಡುಗನಿಗೆ ಗೋಳಿಬಜೆ ಆಗ್ತದಾ, ಹುಡುಗನ ಅಮ್ಮ ಉಪ್ಪು ಕಡಿಮೆ ತಿನ್ನುವುದು... ಆ ವಾರವೆಲ್ಲ ಆ ಮನೆಯಲ್ಲಿ ಓಡಾಡಿದ್ದು 'ಹುಡುಗ' ಎಂಬ ಒಂದೇ ಶಬ್ದ.

ಅತ್ತ ಕೋಪರಖೈರಣೆಯಲ್ಲಿ ಹಿತೇಶ್ ಗೆಳೆಯನ ಬೆನ್ನು ಬಿದ್ದಿದ್ದ. "ನೀನು ಬರ್ಲೇಬೇಕು ಮಾರಾಯ. ಹುಡುಗಿ ಮನೆ ನಿನ್ನ ಬಾಜೂಗೇ, ಡೊಂಬಿವಲಿ. ಜ್ಯೋತ್ಸ್ನಾ ಅಂತೆ, ಥಾಣೆಯಲ್ಲಿ ಕನ್ನಡಕದ ಅಂಗಡಿ."

ಕೀರ್ತನ್ ಮುಖ ಪಕ್ಕಕ್ಕೆ ತಿರುಗಿಸಿದ.

"ಗೊತ್ತುಂಟಾ ನಿಂಗೆ ಅವರು?"

"...ಕೇಳಿದ್ದೇನೆ. ಒಳ್ಳೆಯ ಜನ. ಹೋಗಿ ನೋಡು."

ನನಗಿಂತ ಒಳ್ಳೆಯ ಜಾಗದಲ್ಲಿ ಒಬ್ಬ ನಿಂತಿದ್ದಾನೆ, ಎಂದುಕೊಂಡ ಆ ಮೂರ್ಖ. ಬರುವುದಿಲ್ಲ ಎಂದು ಹಟ ಹಿಡಿದರೂ ಹಿತೇಶ್ ಬಿಡಲಿಲ್ಲ. ಅವಳನ್ನು ಒಂದು ಸಲ ನೋಡಬೇಕೆಂಬ ಆಸೆಯೂ ಅವನನ್ನು ಬಿಡಲಿಲ್ಲ.

*

ಆದಿತ್ಯವಾರ. ಡೊಂಬಿವಲಿ ಪೂರ್ವದ ಸೊಸೈಟಿಯ ಎರಡನೆಯ ಮಹಡಿ. ಹೊರಗಿನ ಕೋಣೆಯಲ್ಲಿ ಮಾತು, ನಗು.

ಜ್ಯೋತ್ಸ್ನಾ ಅಮ್ಮನ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಾಫಿಯ ಟ್ರೇ ಹಿಡಿದು ಹೊರಗೆ ಬಂದಳು. ತಲೆ ತಗ್ಗಿಸಿರಬೇಕೆಂದು ಅತ್ತೆ ಹೇಳಿಕೊಟ್ಟಿದ್ದರು. ಅವಳು ಬಾಗಿಲಲ್ಲೇ ತಲೆ ಎತ್ತಿದಳು.

ಸೋಫಾದ ಈಚೆ ತುದಿಯಲ್ಲಿ ಕುಳಿತಿದ್ದ, ಕೀರ್ತನ್! ಇಸ್ತ್ರಿ ಮಾಡಿದ ಬಿಳಿ ಶರ್ಟು. ಸ್ವಲ್ಪ ಸೊರಗಿದ ಮುಖ.

ಅವನನ್ನು ನೋಡಿ ನಕ್ಕಳು; ಬೇರೆ ಯಾರೂ ಅವಳಿಗೆ ಕಾಣಲಿಲ್ಲ. ನೇರ ಅವನ ಮುಂದೆ ಹೋಗಿ ನಿಂತಳು. ಟ್ರೇಯಲ್ಲಿ ಬೇರೆ ಇಟ್ಟಿದ್ದ ಲೋಟವನ್ನು ತೆಗೆದು ಕೈಗೆ ಕೊಟ್ಟಳು.

"ತೆಗೆದುಕೊಳ್ಳಿ. ನಿಮಗೆ ಸಕ್ಕರೆ ಹಾಕಲಿಲ್ಲ."

ಎಲ್ಲರ ಕಣ್ಣೂ ಆ ಲೋಟದ ಮೇಲೆ.

ಮೊದಲು ದಮಯಂತಿ ಅತ್ತೆಗೆ ಬಾಯಿ ಬಂತು. "ಅಯ್ಯೋ ಮಾರಾಯ್ತಿ, ಅವನಲ್ಲ! ಹುಡುಗ ಆಚೆ ಕುಳಿತವ! ಇವ ಹುಡುಗನ ಫ್ರೆಂಡು!"

ಜ್ಯೋತ್ಸ್ನಾ ಆಚೆ ನೋಡಿದಳು. ನೀಲಿ ಶರ್ಟಿನ ಹಿತೇಶ್, ಅವನ ಪಕ್ಕ ಅವನ ಅಮ್ಮ ಜಯಲತಾ. ಮತ್ತೆ ಕೀರ್ತನ್‌ನನ್ನು ನೋಡಿದಳು. ಅವನು ಲೋಟವನ್ನು ಎರಡೂ ಕೈಯಿಂದ ಹಿಡಿದಿದ್ದ. ಕಣ್ಣು ನೆಲ ನೋಡುತ್ತಿತ್ತು.

ಆ ಒಂದು ನೋಟದಲ್ಲಿ ಅವಳಿಗೆ ಅರ್ಥವಾಯಿತು, ಗೊತ್ತಿದ್ದೂ ಗೆಳೆಯನಿಗಾಗಿ ಬಂದು ಕುಳಿತಿದ್ದಾನೆ ಇವನು. ಟ್ರೇಯನ್ನು ಟೀಪಾಯಿಯ ಮೇಲೆ ಇಟ್ಟಳು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇವನಿಗೆ ಸಕ್ಕರೆ ಬೇಡ ಅಂತ ನಿಮಗೆ ಹೇಗೆ ಗೊತ್ತು?" ಹಿತೇಶ್ ನಿಧಾನವಾಗಿ ಕೇಳಿದ. ಗೆಳೆಯನ ಕಡೆ ತಿರುಗಿದ. "ಕೀರ್ತನ್?"

ಕೀರ್ತನ್ ಎದ್ದು ನಿಂತ. "ನಾನು ಹೊರಗೆ ಇರ್ತೇನೆ. ನೀವು ಮಾತಾಡಿ..."

"ನಿಲ್ಲಿ!" ಎಂದಳು ಜ್ಯೋತ್ಸ್ನಾ. ಆಮೇಲೆ ಅಪ್ಪನ ಕಡೆ ತಿರುಗಿದಳು. "ಪಪ್ಪ, ನನಗೆ ಮಾತಾಡ್ಲಿಕ್ಕುಂಟು."

ಅತ್ತೆಗೆ ಹೋದ ಜೀವ ಬಂದಂತಾಯಿತು. "ಅದಕ್ಕೇನಂತೆ! ಹುಡುಗ ಹುಡುಗಿ ಗ್ಯಾಲರಿಯಲ್ಲಿ ಮಾತಾಡ್ಲಿ..."

"ಇವರ ಹತ್ತಿರ," ಎಂದು ಜ್ಯೋತ್ಸ್ನಾ ಕೀರ್ತನ್‌ನನ್ನು ತೋರಿಸಿದಳು.

ಪ್ರೇಮನಾಥರು ಮಗಳ ಮುಖವನ್ನೇ ನೋಡಿದರು. ಗ್ಯಾಲರಿಯ ಕಡೆ ಕೈ ತೋರಿಸಿದರು, ಅಷ್ಟೇ.

*

ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆಗಳು. ಕೆಳಗೆ ರಿಕ್ಷಾದವರ ಗಲಾಟೆ. ಇಬ್ಬರೂ ಕಂಬಿ ಹಿಡಿದು ನಿಂತರು.

"ಟೀಮ್ ಮುಚ್ಚಿದ್ರು," ಎಂದ ಅವನು. "ಹಿತೇಶ್‌ನನ್ನು ಇಟ್ಟುಕೊಂಡ್ರು. ನನ್ನನ್ನು ಬೇಡ ಅಂದ್ರು."

"ಯಾವಾಗ?"

"ಮೇಯಲ್ಲಿ."

"ತಲಾವ್ ಪಾಳಿಯಲ್ಲಿ ಇದನ್ನು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೇಳಿದ್ರೆ ನೀವು ಕಾಯ್ತಿದ್ರಿ."

"ಹೌದು. ಕಾಯ್ತಿದ್ದೆ!"

"ಅದಕ್ಕೇ ಹೇಳಲಿಲ್ಲ." ಅವನ ದನಿ ಇಳಿಯಿತು. "ಹಿತೇಶ್ ಒಳ್ಳೆಯವ, ಜ್ಯೋತ್ಸ್ನಾ. ಕುಡಿಯುವುದಿಲ್ಲ. ಮನೆ ಉಂಟು, ಕೆಲಸ ಉಂಟು..."

"ನನಗೆ ಒಳ್ಳೆಯವನನ್ನು ಹುಡು‌ಕಿಕೊಡಿ ಅಂತ ನಾನು ನಿಮ್ಮ ಹತ್ತಿರ ಕೇಳಿದ್ದೆನಾ?"

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನಾನು ಮೈದಾನದ ಚೆಂಡಲ್ಲ ಕೀರ್ತನ್, ಒಳ್ಳೆಯ ಜಾಗದಲ್ಲಿ ನಿಂತವನ ಕಡೆ ತಳ್ಳಿಬಿಡ್ಲಿಕ್ಕೆ. ನನ್ನ ಜೀವನದ ವಿಷಯ ನನ್ನನ್ನೇ ಕೇಳದೆ ತೀರ್ಮಾನ ಮಾಡಿದ್ರಲ್ಲ... ಅವನ ಪಕ್ಕ ಬಂದು ಕುಳಿತ್ರಲ್ಲ... ನಿಮಗೆ ಏನೂ ಅನ್ನಿಸಲೇ ಇಲ್ವಾ?"

"ಅನ್ನಿಸಿತು," ಎಂದ ಅವನು. "ನೀವು ಬಾಗಿಲಿಗೆ ಬಂದು ನನ್ನನ್ನು ನೋಡಿ ನಕ್ಕಾಗ... ಯಾಕೆ ಬಂದೆ ಅನ್ನಿಸಿತು. ಸತ್ತುಹೋದ ಹಾಗೆ ಆಯ್ತು."

ಒಳಗಿನಿಂದ ಲೋಟಗಳ ಸದ್ದು ಬರುತ್ತಿತ್ತು.

"ಈಗ ಎಂತ ಮಾಡ್ತಿದ್ದೀರಿ?" ಅವಳೇ ಕೇಳಿದಳು.

"ಐರೋಲಿಯ ಒಂದು ಸ್ಕೂಲಲ್ಲಿ ಬೆಳಿಗ್ಗೆ ಆಟ ಕಲಿಸ್ತೇನೆ. ವಾಶಿಯ ಒಂದು ಕ್ಲಬ್ಬಿಗೆ ಆಡ್ತೇನೆ. ಆಡಿದ ಮ್ಯಾಚಿಗೆ ಮಾತ್ರ ದುಡ್ಡು. ಈ ಕಾಲು ಇನ್ನು ಎಷ್ಟು ದಿನ ಕೇಳ್ತದೋ ಗೊತ್ತಿಲ್ಲ. ಆಟ ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ."

"ನನಗೂ ಕನ್ನಡಕ ಬಿಟ್ಟು ಬೇರೆ ಬರುವುದಿಲ್ಲ. ಇಬ್ಬರು ದುಡಿದರೆ ಡೊಂಬಿವಲಿಯಲ್ಲಿ ಹೊಟ್ಟೆ ತುಂಬುವುದಿಲ್ವಾ?" ಅವಳು ಈಗ ಮುಖ ಒರೆಸಿಕೊಂಡಳು. "ನನಗೆ ಬೇಕಾದ್ದು ನೀವು. ಅದು ನನ್ನ ಮಾತು. ನಿಮಗೆ ಎಂತ ಬೇಕು? ಒಂದು ಸಲ, ಒಂದೇ ಒಂದು ಸಲ, ನಿಮಗೆ ಬೇಕಾದ್ದನ್ನು ನೀವೇ ಕೇಳಿ ನೋಡುವ."

"ಯಾರ ಹತ್ತಿರ?"

"ಒಳಗೆ ಕುಳಿತಿದ್ದಾರಲ್ಲ, ನನ್ನ ಪಪ್ಪ."

ಕೀರ್ತನ್ ಅವಳನ್ನು ನೋಡಿದ. ಬಾಗಿಲನ್ನು ನೋಡಿದ. ಆಮೇಲೆ ಒಳಗೆ ನಡೆದ. ಅವಳು ಅವನ ಹಿಂದೆಯೇ ಬಂದಳು.

"ಅಂಕಲ್..." ಅವನು ಪ್ರೇಮನಾಥರ ಎದುರು ನಿಂತ. "ನನಗೆ ಪರ್ಮನೆಂಟ್ ಕೆಲಸ ಇಲ್ಲ. ಇದ್ದದ್ದೂ ಹೋಯ್ತು. ಸ್ಕೂಲಲ್ಲಿ ಆಟ ಕಲಿಸ್ತೇನೆ, ಕ್ಲಬ್ಬಿಗೆ ಆಡ್ತೇನೆ. ನಿಮ್ಮ ಮಗಳನ್ನು ಕೇಳುವ ಯೋಗ್ಯತೆ ಇಲ್ಲ ಅಂತ ಇಷ್ಟು ದಿನ ಬಾಯಿ ಮುಚ್ಚಿದ್ದೆ. ತಪ್ಪಾಯ್ತು. ನನಗೆ ಜ್ಯೋತ್ಸ್ನಾ ಬೇಕು. ಅವರನ್ನು ನನಗೆ ಮದುವೆ ಮಾಡಿ ಕೊಡಿ."

ಅವನು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

"ಇದೆಂಥದ್ದು! ನಮ್ಮನ್ನು ಕರೆಸಿ..." ಜಯಲತಾ ಎದ್ದೇಬಿಟ್ಟರು. ಹಿತೇಶ್ ಅಮ್ಮನ ಕೈ ಹಿಡಿದು ಕೂರಿಸಿದ. ಅವನ ಮುಖದಲ್ಲೂ ಬೇಸರ ಇಲ್ಲದಿರಲಿಲ್ಲ. ಎಷ್ಟೆಂದರೂ ಹುಡುಗಿ ಅವನಿಗೆ ಹಿಡಿಸಿದ್ದಳು.

"ಅಮ್ಮ, ತಪ್ಪು ಅವರದ್ದಲ್ಲ. ಈ ಕತ್ತೆ ನನಗೆ ಒಂದು ಮಾತು ಹೇಳಿದ್ರೆ ನಾನು ಇಲ್ಲಿಗೆ ಬರ್ತಿದ್ನಾ?" ಎಂದ. ಆಮೇಲೆ ಕೀರ್ತನ್ ಕಡೆ ತಿರುಗಿದ. "ನಿನ್ನ ಹತ್ತಿರ ನಾನು ಆಮೇಲೆ ಮಾತಾಡ್ತೇನೆ. ಈಗ ಆ ಕಾಫಿ ಕುಡಿ. ಸಕ್ಕರೆ ಇಲ್ಲದ್ದು ನನಗೆ ಆಗುವುದಿಲ್ಲ."

ದಮಯಂತಿ ಅತ್ತೆ ತಲೆಗೆ ಕೈ ಹೊತ್ತು ಕುಳಿತಿದ್ದರು.

ಪ್ರೇಮನಾಥರು ಜಯಲತಾ ಅವರಿಗೆ ಕೈ ಮುಗಿದು ಕ್ಷಮೆ ಕೇಳಿದರು. ಮಗಳ ಕಡೆ ನೋಡಿದರು. ಫೋಟೋ ಬೇಡ ಎಂದು ವಾರವಿಡೀ ನಗುತ್ತಾ ತಿರುಗಿದವಳು ಯಾರನ್ನು ನೆನೆದು ನಗುತ್ತಿದ್ದಳೆಂದು ಅವರಿಗೆ ಈಗ ಹೊಳೆಯಿತು.

"ಖಾಯಂ ಕೆಲಸ ಇಲ್ಲದವನಿಗೆ ಮಗಳನ್ನು ಕೊಡಬಾರದು ಅಂತ ನಾನು ತೀರ್ಮಾನ ಮಾಡಿದ್ದೆ," ಎಂದರು ಕೀರ್ತನ್‌ಗೆ. "ಅದು ಈ ಒಂದು ಗಳಿಗೆಯಲ್ಲಿ ಬದಲಾಗುವುದಿಲ್ಲ. ಯೋಚನೆ ಮಾಡ್ಬೇಕು."

"ಆಗ್ಲಿ ಅಂಕಲ್."

"ಬರುವ ಆದಿತ್ಯವಾರ ನಿನ್ನ ಅಮ್ಮನನ್ನು ಕರೆದುಕೊಂಡು ಬಾ. ಕುಳಿತು ಮಾತಾಡುವ." ಎದ್ದು ನಿಂತು, "ಬರುವಾಗ ಹುಡುಗನಾಗಿ ಬಾ. ಹುಡುಗನ ಫ್ರೆಂಡ್ ಆಗಿ ಅಲ್ಲ," ಎಂದರು.

ಜ್ಯೋತ್ಸ್ನಾ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೂ ತಿಳಿಯಲಿಲ್ಲ.

*

ಎಲ್ಲರೂ ಹೊರಟರು. ಹಿತೇಶ್ ಅಮ್ಮನನ್ನು ಕರೆದುಕೊಂಡು ರಿಕ್ಷಾ ಹುಡುಕಲು ಮುಂದೆ ಹೋದ. ಕೀರ್ತನ್ ಮೆಟ್ಟಿಲಿನ ತಿರುವಿನಲ್ಲಿ ಹಿಂದೆ ಬಿದ್ದ. ಕಾಲು ನೋವಿತ್ತು ಎಂದು ಆಮೇಲೆ ಹೇಳಿದ. ನಾನು ನಂಬುವುದಿಲ್ಲ.

ಮೇಲಿನಿಂದ ಬಳೆಯ ಸದ್ದು ಕೇಳಿಸಿತು. ಜ್ಯೋತ್ಸ್ನಾ ನಾಲ್ಕು ಮೆಟ್ಟಿಲು ಇಳಿದು ನಿಂತಿದ್ದಳು.

"ಹೋಗಿಬರ್ತೇನೆ," ಎಂದ ಅವನು.

"ಹೂಂ."

"ಜ್ಯೋತ್ಸ್ನಾ... ಒಂದು ತೊಂದರೆ ಉಂಟು."

"ಇನ್ನೆಂತ?"

"ಆದಿತ್ಯವಾರ ಮಧ್ಯಾಹ್ನ ವಾಶಿಯಲ್ಲಿ ಮ್ಯಾಚ್ ಉಂಟು. ಗಡಿಬಿಡಿಯಲ್ಲಿ ಪಪ್ಪನ ಹತ್ತಿರ ಹೇಳಲಿಲ್ಲ. ಬಿಟ್ಟುಬಿಡ್ತೇನೆ, ಆಡುವುದಿಲ್ಲ."

"ಯಾಕೆ ಬಿಡ್ಬೇಕು? ಆಡಿ. ಪಪ್ಪನಿಗೆ ಸಂಜೆ ಅಂತ ನಾನು ಹೇಳ್ತೇನೆ. ಮುಗಿಸಿ, ಸ್ನಾನ ಮಾಡಿ, ಅಮ್ಮನನ್ನು ಕರೆದುಕೊಂಡು ಬನ್ನಿ."

ಅವನು ಮೆಟ್ಟಿಲ ಕಂಬಿ ಹಿಡಿದು ಅವಳನ್ನೇ ನೋಡಿದ.

"ಕಷ್ಟದ ಮ್ಯಾಚು. ಸೋತರೆ?"

ಜ್ಯೋತ್ಸ್ನಾ ಒಂದು ಮೆಟ್ಟಿಲು ಇಳಿದು ಅವನ ಕೈಯ ಮೇಲೆ ಕೈ ಇಟ್ಟಳು.

"ಸೋತರೂ ಬನ್ನಿ," ಎಂದಳು.